ಶಾವಿಗೆ ಒರಳಿನೊಳಗಿದ್ದ ರಾಣಿ

ರಾಣಿಯನ್ನು ತೆಗೆದವಳು ನಾನು, ಮಾವ. ನೀವು ಅವಳನ್ನು ಎಲ್ಲಿಯೂ ಇಟ್ಟು ಮರೆತಿರಲಿಲ್ಲ. ನಿಮ್ಮ ಕಪಾಟಿನಿಂದ ನನ್ನ ಸೆರಗಿನ ಗಂಟಿಗೆ ಬಂದಳು, ಅಲ್ಲಿಂದ ಅಡುಗೆಮನೆ ಅಟ್ಟದ ಮೇಲಿನ ಶಾವಿಗೆ ಒರಳಿನೊಳಗೆ ಹೋದಳು. ಮೂರು ವರ್ಷ ಅಲ್ಲೇ ಇದ್ದಳು. ಅವಳನ್ನು ಕದ್ದದ್ದು ಸಣ್ಣ ತಪ್ಪು. ಅದಾದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ನೀವು ಕೇಳಿದ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರ — ದೊಡ್ಡದು ಅದು. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ.

ನಡೆದದ್ದರಲ್ಲಿ ಅರ್ಧ ನಿಮಗೆ ಗೊತ್ತು. ಆದರೆ ಅದೆಲ್ಲ ನನ್ನ ಕಣ್ಣಿಗೆ ಹೇಗೆ ಕಂಡಿತ್ತು ಅನ್ನುವುದು ಗೊತ್ತಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅತ್ತೆ ಹೋಗಿ ಒಂದು ವರ್ಷವಾಗಿತ್ತು. ಕೋಲಾರದಲ್ಲಿ ನಿಮ್ಮ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿರಿ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರು ಮುಳಬಾಗಿಲಿನ ರಹಮತ್ ಸಾಹೇಬರು, ಕೈಗಡಿಯಾರ ರಿಪೇರಿ ಮಾಡುವವರು. ಅವರ ಫೋನಿನ ವಿಡಿಯೋದಲ್ಲಿ ಯಾರೋ ಹೆಬ್ಬೆರಳಿನಷ್ಟು ಎತ್ತರದ ಸೈನಿಕ ಗೊಂಬೆಯ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರಂತೆ. ಪಟ್ಟಿ ಬಿಚ್ಚಿದ ಮೇಲೆ ನೀವಿಬ್ಬರೂ ಮೊದಲು ನೋಡಿದ್ದು ಅದನ್ನಂತೆ. ಇದು ನನಗೆ ಗೊತ್ತಾದದ್ದು ಆಮೇಲೆ, ಬಹಳ ತಡವಾಗಿ. ಆಗ ನನಗೆ ಕಂಡದ್ದು ಇಷ್ಟೇ — ಒಂದು ಮಧ್ಯಾಹ್ನ ನೀವು ಹೆಗಲ ಟವೆಲ್ಲಿನ ಕೆಳಗೆ ಒಂದು ಪಾರ್ಸೆಲ್ ಮುಚ್ಚಿಕೊಂಡು ಬಂದಿರಿ. ನಡುಮನೆಯಲ್ಲಿ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಯಾವತ್ತೂ ನನ್ನೆದುರು ನಿಂತು ಚೀಲ ಬಿಚ್ಚಿ ತೋರಿಸುವವರು, ಅವತ್ತು ಗೋಡೆಯ ಕಡೆ ಮುಖ ಮಾಡಿ ನಡೆದುಹೋದಿರಿ.

ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಷ್ಟು ಕಾಲವೂ ನಿವೃತ್ತರಾದ ಮೇಲೂ ನೀವು ಮಧ್ಯಾಹ್ನ ಬಾಗಿಲು ಹಾಕಿಕೊಂಡವರಲ್ಲ. ಈಗ ಚಿಲಕ ಬೀಳತೊಡಗಿತು. ಒಳಗಿನಿಂದ ಉಗುರು ಬಣ್ಣದಂಥ ವಾಸನೆ. ಕಸದ ಬುಟ್ಟಿಯಲ್ಲಿ ಹತ್ತಿ, ಹತ್ತಿಯ ತುಂಬ ಕಂದು ಕೆಂಪು. ಸಿರಿಂಜು. ನನ್ನ ಸೀರೆ ಪಿನ್ನುಗಳಲ್ಲಿ ನಾಲ್ಕು ಕಾಣೆ. ಡಬ್ಬದಲ್ಲಿ ರಾಗಿ ತಗ್ಗಿರುವುದು ಕೂಡ ನನಗೆ ಗೊತ್ತಾಯಿತು — ಎಷ್ಟು ತಗ್ಗಿತ್ತು ಅಂತೀರಿ? ಒಂದು ಹಿಡಿ. ಒಂದು ಹಿಡಿ ರಾಗಿಯನ್ನೂ ಗಮನಿಸುವವಳು ನಾನು. ಮನೆಯಲ್ಲಿ ಎಲ್ಲರೂ ಅದನ್ನು ಹೊಗಳುತ್ತಿದ್ದಿರಿ. ನಾನೂ ಅದೊಂದು ಗುಣ ಅಂದುಕೊಂಡಿದ್ದೆ.

ಆಮೇಲೆ ಫೋನು. ನನ್ನೊಡನೆ ಕನ್ನಡ, ರಹಮತ್ ಸಾಹೇಬರೊಡನೆ ಮಾತ್ರ ತೆಲುಗು. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ನಿಮ್ಮ ತೆಲುಗು ನನಗೆ ಅರ್ಧ ತಿಳಿಯುತ್ತದೆ, ಇನ್ನರ್ಧ ನಾನೇ ತುಂಬಿಕೊಳ್ಳುತ್ತೇನೆ. ಒಂದು ದಿನ ಬಟ್ಟೆ ಒಣಹಾಕುತ್ತಾ ಕಿಟಕಿಯ ಹತ್ತಿರ ನಿಂತಿದ್ದೆ.

"ತಲಕಾಯಲು ಇಂಕಾ ಅತಿಕಿಂಚಲೇದು," ಅಂದಿರಿ. ತಲೆಗಳನ್ನು ಇನ್ನೂ ಅಂಟಿಸಿಲ್ಲ.

ನನ್ನ ಕೈಯಲ್ಲಿದ್ದ ದಿಂಬಿನ ಕವರು ಹಾಗೇ ನಿಂತಿತು.

"ಸಾಯ್ಬೂ, ಮೀರು ಗುರ್ರಾಲು ತೀಸ್ಕೋಂಡಿ. ನಾಕು ಚಚ್ಚಿನವಾಳ್ಳು ಚಾಲು." ಕುದುರೆಗಳನ್ನು ನೀವು ತಗೊಳ್ಳಿ, ನನಗೆ ಸತ್ತವರು ಸಾಕು.

ಇಷ್ಟು ಹೇಳಿ ನೀವು ನಕ್ಕಿರಿ, ಮಾವ. ಅತ್ತೆ ಹೋದ ಮೇಲೆ ಮನೆಯಲ್ಲಿ ನಿಮ್ಮ ನಗು ಕೇಳಿದ್ದು ಅದೇ ಮೊದಲು. ಅದು ನನಗೆ ಸಂತೋಷ ಕೊಡಬೇಕಾಗಿತ್ತು.

ಸೂಜಿ, ಕೆಂಪು ಹತ್ತಿ, ರಾಗಿ, ತಲೆಗಳು, ಸತ್ತವರು. ನನ್ನ ಮನಸ್ಸಿನಲ್ಲಿ ಯಾವ ಪದ ಬಂತು ಅನ್ನುವುದನ್ನು ಇಲ್ಲಿ ಬರೆಯಲೇಬೇಕು — ಮಾಟ. ಹತ್ತು ವರ್ಷ ನನ್‌ಗಳ ಹತ್ತಿರ ಓದಿದವಳು, ಅಂಥದ್ದನ್ನು ನಂಬುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದವಳು. ಆ ಪದವನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಆದರೆ ನಿಮ್ಮ ರೂಮಿನ ಮುಂದೆ ಹಾದುಹೋಗುವಾಗ ಸೆರಗು ಹೊದ್ದುಕೊಂಡು ಹೋಗುತ್ತಿದ್ದೆ.

ರಹಮತ್ ಸಾಹೇಬರು ಗುರುವಾರ ಗುರುವಾರ ಬರತೊಡಗಿದರು. ಟೀ ಕೊಡಲು ಹೋದರೆ ಬಾಗಿಲು ಒಂದು ಗೇಣು ಮಾತ್ರ ತೆರೆದು ತಟ್ಟೆ ತಗೊಳ್ಳುತ್ತಿದ್ದಿರಿ. ಒಳಗೆ ದಾಳ ಉರುಳುವ ಸದ್ದು. ಓ, ಜೂಜು — ಅಂದುಕೊಂಡೆ. ನನ್ನ ಸಂಶಯ ಒಂದು ಮನೆ ಸಾಲದೆ ಇನ್ನೊಂದು ಮನೆ ಕಟ್ಟಿಕೊಂಡಿತು.

"ಅರೇ ಕಾಂಪೌಂಡರ್ ಸಾಬ್, ಏನಿದು! ಈಗ್ತಾನೆ ಸಾಯಿಸಿದ್ನಲ್ಲ ಇವರನ್ನ!"

"ನಾ ವಾಳ್ಳು ಮಳ್ಳೀ ಲೇಸ್ತಾರು, ಸಾಯ್ಬೂ. ನಮ್ಮೋರು ಮತ್ತೆ ಎದ್ದು ಬರ್ತಾರೆ. ಪುಸ್ತಕದಾಗೇ ಬರ್ದವ್ನೆ, ನೋಡ್ಕಳ್ಳಿ."

"ನಿಮ್ಮ ಸತ್ತೋರಿಗೆ ಸುಸ್ತೇ ಆಗಲ್ವಾ?"

ಇಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಾನು ಬಾಗಿಲಾಚೆ ಖಾಲಿ ತಟ್ಟೆ ಹಿಡಿದು ನಿಂತಿದ್ದೆ. ನಮ್ಮವರು ಮತ್ತೆ ಎದ್ದು ಬರುತ್ತಾರೆ. ನಮ್ಮವರು ಅಂದರೆ ಯಾರು? ಈ ಮನೆಯಲ್ಲಿ ಸತ್ತವರು ಅತ್ತೆ ಒಬ್ಬರೇ.

ನೀವು ಕ್ಷೌರಕ್ಕೆ ಹೋದ ಒಂದು ಬೆಳಿಗ್ಗೆ ನಿಮ್ಮ ರೂಮಿಗೆ ಹೋದೆ. ಕಪಾಟಿಗೆ ಬೀಗ ಇರಲಿಲ್ಲ — ಇದು ನನ್ನನ್ನು ಈಗಲೂ ಚುಚ್ಚುತ್ತದೆ. ಬಣ್ಣಬಣ್ಣದ ಚಿತ್ರವಿದ್ದ ದೊಡ್ಡ ಪೆಟ್ಟಿಗೆ. ಒಳಗೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವಕ್ಕೆ ಕಡ್ಡಿಗಳಿಂದ ಅಂಟಿಕೊಂಡ ಕೈ, ಕಾಲು, ಬುರುಡೆ, ಕತ್ತಿ. ಮೇಲಿನ ಹಲಗೆಯಲ್ಲಿ ಸಾಲಾಗಿ ನಿಂತವರು, ಮೂಳೆಯ ಸೈನಿಕರು. ಒಬ್ಬೊಬ್ಬರ ಕಾಲಡಿಯಲ್ಲೂ ರೂಪಾಯಿಯಷ್ಟು ಅಗಲದ ಬಿಲ್ಲೆ, ಅದರ ಮೇಲೆ ಅಂಗಳದ ಮರಳು, ಮರಳಿನ ನಡುವೆ ಅಂಟಿಸಿದ ರಾಗಿ ಕಾಳುಗಳು — ಬೂದು ಬಣ್ಣ ಬಳಿದು ಬಂಡೆ ಮಾಡಿದ್ದಿರಿ. ನನ್ನ ಪಿನ್ನುಗಳು ಅವರ ಕೈಯಲ್ಲಿ ಈಟಿಗಳಾಗಿದ್ದವು. ಸಿರಿಂಜು ಬಣ್ಣದ ಹನಿ ಅಳೆಯಲು, ಹತ್ತಿ ಕುಂಚ ಒರೆಸಲು.

ಪೆಟ್ಟಿಗೆಯೊಳಗಿನ ಇಂಗ್ಲಿಷ್ ಪುಸ್ತಕವನ್ನು ನಿಂತಲ್ಲೇ ಓದಿದೆ. ಆಟ. ಬರೀ ಆಟ. ಒಂದು ಪೆಟ್ಟಿಗೆಯಲ್ಲಿ ಎರಡು ಸೈನ್ಯ, ಬದುಕಿದ್ದವರದೊಂದು, ಸತ್ತವರದೊಂದು. ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಹಾಕಿ ಹೊಡೆದಾಡಿಸಬೇಕು. ಸತ್ತವರ ಸೈನ್ಯದವನು ಬಿದ್ದರೆ ಇನ್ನೊಮ್ಮೆ ದಾಳ ಹಾಕಿ ಎಬ್ಬಿಸಬಹುದು. ನೀವಿಬ್ಬರೂ ಪೆಟ್ಟಿಗೆಯನ್ನು ಪಾಲು ಮಾಡಿಕೊಂಡಿದ್ದಿರಿ, ಅಷ್ಟೆ. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಿರಿ. ಒಂದೆರಡು ಕಡೆ ಪ್ರಶ್ನೆ ಚಿಹ್ನೆ ಹಾಕಿ, ಪಕ್ಕದಲ್ಲಿ — "ಸುಧಾಳನ್ನು ಕೇಳಬೇಕು."

ಕೇಳಲಿಲ್ಲ ನೀವು. ನಾಚಿಕೆಯಾಗಿರಬೇಕು. ಈ ವಯಸ್ಸಿನಲ್ಲಿ ಗೊಂಬೆ ಅಂದಾಳು ಸೊಸೆ ಅಂತ.

ಅವತ್ತೇ ಎಲ್ಲ ಮುಗಿಯಬೇಕಾಗಿತ್ತು. ಗೊತ್ತಾಗಿಹೋಗಿತ್ತಲ್ಲ ನನಗೆ. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಅನ್ನುವ ಹಾಗಿಲ್ಲ. ಆದರೆ ಒಮ್ಮೆ ಹತ್ತಿದ ಸಂಶಯ — ಕಾರಣ ಹೋದರೂ ಅದು ಹೋಗಲಿಲ್ಲ. ನನಗೆ ಹೇಳದ್ದನ್ನು ಮುಳಬಾಗಿಲಿನವರಿಗೆ ಹೇಳಿದರಲ್ಲ, ಇನ್ನೂ ಏನೋ ಇದೆ, ಇನ್ನೂ ಏನೋ — ಅಂತ ದಿನಾ ನಿಮ್ಮ ಕಪಾಟು ನೋಡತೊಡಗಿದೆ. ನೀವು ಅಂಗಡಿಗೆ ಹೋದಾಗ, ಸ್ನಾನಕ್ಕೆ ಹೋದಾಗ. ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನೀವು ಅವರನ್ನು ಎಣಿಸಿ ಇಡುತ್ತಿದ್ದಿರಿ, ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆ ಬಾಟಲು ಎಣಿಸುತ್ತಿದ್ದ ಹಾಗೆ. ಇಪ್ಪತ್ತು ಕಾಲಾಳು, ಇಬ್ಬರು ಬಾವುಟದವರು, ಒಬ್ಬಳು ರಾಣಿ. ಇಪ್ಪತ್ತಮೂರು. ಅಷ್ಟು ಕೇಳಿಸಿಕೊಂಡು ನಾನು ಒಗ್ಗರಣೆ ಹಾಕುತ್ತಿದ್ದೆ.

ರಾಣಿಗೆ ಮಾತ್ರ ಎಷ್ಟೋ ದಿನ ಬಣ್ಣ ಬಿದ್ದಿರಲಿಲ್ಲ.

ಹಿರಿಯರ ಹಬ್ಬದ ಹಿಂದಿನ ದಿನ. ಎಡೆಯ ಮುಂದೆ ಇಡಲು ಅತ್ತೆಯ ಸಾಸಿವೆ ಬಣ್ಣದ ಸೀರೆಯನ್ನು ಟ್ರಂಕಿನಿಂದ ತೆಗೆದು ಹಗ್ಗದ ಮೇಲೆ ಹರವಿದ್ದೆ. ನೀವು ಬಂದು ಅದರ ಪಕ್ಕ ಬಹಳ ಹೊತ್ತು ನಿಂತಿದ್ದಿರಿ, ಮುಟ್ಟಲಿಲ್ಲ. ಮಧ್ಯಾಹ್ನ ನೀವು ಬಾಳೆ ಎಲೆ ತರಲು ಹೋದಾಗ ಕಪಾಟು ತೆರೆದೆ. ರಾಣಿ ಸಾಸಿವೆ ಬಣ್ಣ ಉಟ್ಟಿದ್ದಳು. ಮೆರೂನ್ ಅಂಚು. ಮೂಳೆಯ ಹಣೆಯ ಮೇಲೆ ಸೂಜಿಮೊನೆಯಷ್ಟು ಕುಂಕುಮ.

ನನಗೆ ಏನಾಯಿತೋ — ಇಲ್ಲ, "ಏನಾಯಿತೋ" ಅನ್ನುವುದು ಬೇಡ. ಏನಾಯಿತು ಅಂತ ನನಗೆ ಗೊತ್ತು. ಕಡೆಯ ಎಂಟು ತಿಂಗಳು ಅತ್ತೆಯ ಮೈ ಒರೆಸಿದವಳು ನಾನು, ಅವರನ್ನು ಹೀಗೆ ಬುರುಡೆ ಮಾಡಿ ಆಟಕ್ಕಿಟ್ಟಿದ್ದಾರಲ್ಲ ಅಂತ ಉರಿಯಿತು. ನೋಡಿ, ನನ್ನ ಅನುಮಾನ ಸುಳ್ಳಲ್ಲ, ನಿಮ್ಮಪ್ಪನಿಗೆ ಏನೋ ಆಗಿದೆ — ಅಂತ ಸಂಜೆ ಡೈರಿಯಿಂದ ಬರುವ ನಿಮ್ಮ ಮಗನಿಗೆ ತೋರಿಸಬೇಕು ಅಂದುಕೊಂಡೆ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ.

ಅವರು ಬರುವುದಕ್ಕೆ ಮೊದಲು ನಿಮ್ಮ ಎಣಿಕೆಯ ಹೊತ್ತು ಬಂತು.

ಇಪ್ಪತ್ತೆರಡು. ಮತ್ತೆ ಮೊದಲಿನಿಂದ. ಇಪ್ಪತ್ತೆರಡು. ಮಂಚ ಎಳೆದ ಸದ್ದು, ಪೊರಕೆಯ ಸದ್ದು. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದಿರಿ. ಮೊಣಕಾಲಿಗೆ ಧೂಳು ಮೆತ್ತಿತ್ತು. ಗೊಂಬೆಗಳ ವಿಷಯ ನನ್ನ ಹತ್ತಿರ ಬಾಯಿಬಿಟ್ಟದ್ದು ಅದೇ ಮೊದಲು.

"ಸುಧಾ, ನಂದೊಂದು ಸಣ್ಣ ಗೊಂಬೆ ಇತ್ತು ಕಣಮ್ಮಾ. ಕಪಾಟಲ್ಲೇ ಇಟ್ಟಿದ್ದೆ. ಇಟ್ಟಿದ್ದೆ ಅಂತ ನಂಗೆ ಗ್ಯಾಪಕ. ನಾನೇ ಎಲ್ಲಾದ್ರೂ ಇಟ್ಟು ಮರೆತ್ನಾ?"

ಗಂಟು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ನಿಮ್ಮ ಅಣ್ಣನ ವಿಷಯ ನನಗೆ ಗೊತ್ತಿತ್ತು — ಯಲ್ದೂರಿನ ದೊಡ್ಡ ಮಾವ ತಮ್ಮದೇ ಮಾವಿನ ತೋಟದಿಂದ ಮನೆಗೆ ದಾರಿ ಮರೆತದ್ದು, ಊಟ ಬಡಿಸುತ್ತಿದ್ದ ಮಗನನ್ನೇ "ಯಾವೂರಪ್ಪಾ ನಿಂದು?" ಅಂದದ್ದು. ಈ ಪ್ರಪಂಚದಲ್ಲಿ ನಿಮಗೆ ಇದ್ದ ಭಯ ಅದೊಂದೇ. ಅದೂ ಗೊತ್ತಿತ್ತು ನನಗೆ. ಗೊತ್ತಿದ್ದೂ, ಒಲೆಯ ಕಡೆ ತಿರುಗಿಕೊಂಡು, ಮೆತ್ತಗೆ, ಎಷ್ಟು ಮೆತ್ತಗೆ ಅಂದರೆ ಪ್ರೀತಿಯಿಂದ ಹೇಳಿದ ಹಾಗೆ ಹೇಳಿದೆ:

"ಇರಬಹುದು ಮಾವ. ಇತ್ತೀಚೆಗೆ ನಿಮಗೆ ಮರೆವು ಜಾಸ್ತಿ ಆಗ್ತಾ ಇದೆ. ನಾನು ನೋಡ್ತಾನೇ ಇದ್ದೀನಿ."

 ಬಾಗಿಲ ಚೌಕಟ್ಟಿನ ಮೇಲಿಟ್ಟಿದ್ದ ಕೈಯನ್ನು ನೀವು ತೆಗೆದದ್ದು ಓರೆಗಣ್ಣಿಗೆ ಕಂಡಿತು. ಆ ಕೈ ಹೋದ ರೀತಿ — ಬರೆಯಲಾರೆ.

ನಿಮ್ಮ ಮಗನಿಗೆ ಅವಳನ್ನು ತೋರಿಸಲಿಲ್ಲ. ಉರುಳಿ ಬಿದ್ದಿದ್ದಳು ಅನ್ನುವ ಹಾಗೆ ಬೆಳಿಗ್ಗೆ ಮಂಚದ ಕೆಳಗೆ ಹಾಕಿಬಿಡೋಣ ಅಂದುಕೊಂಡೆ. ಆದರೆ ಅಲ್ಲಿ ನೀವೇ ಮೂರು ಸಲ ಗುಡಿಸಿದ್ದಿರಿ. ಅಲ್ಲೇ ಸಿಕ್ಕಿದರೆ ಮರೆವಿನ ಜೊತೆಗೆ ಕಣ್ಣೂ ಹೋಯಿತು ಅಂದುಕೊಳ್ಳುತ್ತೀರಿ ಅಂತ — ನೋಡಿ, ಆಗಲೂ ನಿಮಗಾಗಿಯೇ ಯೋಚಿಸುತ್ತಿರುವ ಹಾಗೆ ನನಗೆ ನಾನು ಹೇಳಿಕೊಂಡೆ. ಒರಳಿನೊಳಗೆ ಇಟ್ಟೆ. ವರ್ಷಕ್ಕೊಮ್ಮೆ ಇಳಿಸುವ ಒರಳು, ಯಾರು ನೋಡುತ್ತಾರೆ?

ಮುಂದಿನ ಗುರುವಾರ ಸೈನ್ಯವನ್ನೆಲ್ಲ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ರಹಮತ್ ಸಾಹೇಬರಿಗೆ ಕೊಟ್ಟುಬಿಟ್ಟಿರಿ. "ಎಣಿಕೆ ತಪ್ಪೋ ಕೈಗೆ ಸೈನ್ಯ ಯಾಕೆ ಸಾಯ್ಬೂ," ಅಂದಿರಿ. ಅವರು ಏನೇನೋ ಹೇಳಿ ನೋಡಿದರು. ಆಮೇಲೆ ಮೊಪೆಡ್ಡಿನ ಕೀಲಿ ನಿಮ್ಮ ಮಗನ ಕೈಗೆ ಬಂತು. ಮುಳಬಾಗಿಲಿಗೆ ಒಬ್ಬರೇ ಬಸ್ಸಿನಲ್ಲಿ ಹೋಗುವುದು ನಿಂತಿತು. ಗ್ಯಾಸಿನ ಪಕ್ಕ, ಮೋಟಾರ್ ಸ್ವಿಚ್ಚಿನ ಪಕ್ಕ ನಿಮ್ಮ ದುಂಡು ಅಕ್ಷರದ ಚೀಟಿಗಳು — "ಆರಿಸಿದೆಯಾ?" ಕೋಲಾರದ ಡಾಕ್ಟರು ಮರೆವು ಪರೀಕ್ಷಿಸಲು ಗಡಿಯಾರದ ಚಿತ್ರ ಬರೆಯಲು ಹೇಳಿದರೆ, ಸೆಕೆಂಡ್ ಮುಳ್ಳನ್ನೂ ಬರೆದು ಕೊಟ್ಟಿರಿ. ಏನೂ ಆಗಿಲ್ಲ ಹೋಗಿ ಅಂತ ಅವರು ನಕ್ಕರು. ಬಸ್ಸಿನಲ್ಲಿ ನೀವು ಮಗನಿಗೆ ಹೇಳಿದ್ದು, ಮುಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು. "ಅವರು ಒಂದ್ಗಳಿಗೆ ನೋಡ್ತಾರೆ ಕಣೋ. ನಮ್ಮ ಸುಧಾ ದಿನಾ ನೋಡ್ತಾಳೆ. ಅವಳ ಕಣ್ಣಿಗೆ ತಪ್ಪಲ್ಲ."

ಮಗನ ಮಾತಲ್ಲ, ಡಾಕ್ಟರ ಮಾತಲ್ಲ. ನನ್ನ ಮಾತನ್ನು ನಂಬಿದಿರಿ.

ಒಂದೊಂದು ಸಲ ನಿಮಗೆ ಗೊತ್ತಿದೆಯೇನೋ ಅಂತಲೂ ಅನಿಸುತ್ತಿತ್ತು. ಯುಗಾದಿಗೆ "ಈ ವರ್ಷಾನೂ ಒತ್ತು ಶಾವಿಗೆ ಮಾಡಲ್ವೇನಮ್ಮಾ?" ಅಂತ ಕೇಳಿದಿರಿ. ಎಳ್ಳುಪುಡಿ, ಕಾಯಿಹಾಲು ಹಾಕಿಕೊಂಡು ತಿನ್ನುವುದು ನಿಮಗೆ ಎಷ್ಟು ಇಷ್ಟ. ಒರಳಿನ ತಿರುಪು ಕೆಟ್ಟಿದೆ ಅಂದೆ. ನೀವು ಅಟ್ಟದ ಕಡೆ ಒಮ್ಮೆ ನೋಡಿದಿರಿ. ಆ ನೋಟವನ್ನು ಒಂದು ತಿಂಗಳು ತಿರುಗಿಸಿ ಮುರುಗಿಸಿ ನೋಡಿದೆ. ನಿಮ್ಮನ್ನು ಸಂಶಯಪಟ್ಟದ್ದು ಸಾಲದೆ, ನೀವು ನನ್ನನ್ನು ಸಂಶಯಪಡುತ್ತೀರಿ ಅಂತಲೂ ಸಂಶಯ. ಮರುವಾರ ರಿಪೇರಿಗೆ ಕೊಟ್ಟು ಬರ್ತೀನಿ ಅಂತ ನೀವೇ ಒರಳು ಇಳಿಸಲು ಸ್ಟೂಲು ಹತ್ತಿದಾಗ, ಬೀಳ್ತೀರಿ ಮಾವ, ಇಳೀರಿ ಅಂತ ಕೂಗಿಕೊಂಡೆ. ಪಾಪ, ಇಳಿದಿರಿ.

ಕಳೆದ ಸೋಮವಾರ ಒಂದು ತುಂಡು ಬಿಳಿ ಬಟ್ಟೆ ತಂದುಕೊಟ್ಟಿರಿ.

"ಇದರ ಮ್ಯಾಲೆ ನನ್ನ ಹೆಸರು, ಊರು, ನಿನ್ನ ಫೋನ್ ನಂಬರು ಬರ್ದು ಅಂಗಿ ಜೇಬಿನೊಳಗೆ ಹೊಲಿದುಬಿಡಮ್ಮಾ. ಮುಂದೆ ಬೇಕಾಗ್ತೈತೆ. ಇಂಗ್ಲಿಷಲ್ಲೂ ಬರಿ. ತೆಲುಗಲ್ಲಿ ಬೇಡ, ತೆಲುಗು ನಾನೇ ಹೇಳ್ಕೊಂತೀನಿ."

ತಮಾಷೆ ಮಾಡಿದಿರಿ. ನಾನು ನಗಬೇಕು ಅಂತ ಕಾದಿರಿ. ನಕ್ಕೆ.

ನಿಮ್ಮ ಹೆಸರು, ಕ್ಯಾಲನೂರು, ನನ್ನ ನಂಬರು. ಸಣ್ಣ ಸಣ್ಣ ಹೊಲಿಗೆ ಹಾಕಿದೆ. ನನ್ನ ಹೊಲಿಗೆ ಚೆನ್ನಾಗಿರುತ್ತದೆ. ನಾಲ್ಕನೆಯ ಮೂಲೆಗೆ ಬರುವಾಗ ಸೂಜಿ ನಿಂತಿತು. ಕಳೆದುಹೋದರೆ ಮನೆಗೆ ತಲುಪಿಸಿ ಅಂತ ಒಬ್ಬ ಮನುಷ್ಯನ ಎದೆಯ ಮೇಲೆ ಹೊಲಿಯುತ್ತಿದ್ದೇನೆ — ದಾರಿ ತಪ್ಪದ ಮನುಷ್ಯನ ಎದೆಯ ಮೇಲೆ. ದಾರಿ ತಪ್ಪಿಸಿದವಳು ನಾನು, ಕೆಳಗೆ ನನ್ನದೇ ನಂಬರು.

ಸ್ಟೂಲು ಹಾಕಿ ಒರಳು ಇಳಿಸಿದೆ. ಕಿಟಕಿಯ ಬೆಳಕಿನಲ್ಲಿ, ನಿಮ್ಮ ಹಳೆಯ ಭೂತಗನ್ನಡಿ ಹಿಡಿದು, ಮೂರು ವರ್ಷದಲ್ಲಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದೆ. ಸೆರಗಿನ ಮೇಲೆ, ಎಡ ಹೆಗಲಿನ ಹತ್ತಿರ, ಒಂದು ಕಪ್ಪು ಚುಕ್ಕೆ. ಅದರ ಸುತ್ತ ಕೂದಲೆಳೆಯಷ್ಟು ತೆಳು ಗೆರೆಗಳು, ಅಡ್ಡ ಉದ್ದ.

ಬಣ್ಣ ಸಿಡಿದದ್ದು ಅಂದುಕೊಂಡೆ. ಆಮೇಲೆ ಗೊತ್ತಾಯಿತು.

ಅತ್ತೆ ಇದ್ದ ಕಡೆಯ ಹಿರಿಯರ ಹಬ್ಬದಲ್ಲಿ ಬಗ್ಗಿ ಎಡೆ ಇಡುವಾಗ ಸಾಸಿವೆ ಸೀರೆಯ ಸೆರಗಿಗೆ ದೀಪ ತಗುಲಿ ರಾಗಿ ಕಾಳಿನಷ್ಟು ಸುಟ್ಟಿತ್ತು. ರಫೂ ಮಾಡಿದವಳು ನಾನು. ಯಾರಿಗೂ ಕಾಣದ ಹಾಗೆ ಮಾಡಿದ್ದೇನೆ ಅಂತ ಹೆಮ್ಮೆಪಟ್ಟಿದ್ದೆ. ನೀವು ನೋಡಿದ್ದಿರಿ. ಸುಟ್ಟ ತೂತನ್ನೂ ನೋಡಿದ್ದಿರಿ, ನನ್ನ ರಫೂವನ್ನೂ ನೋಡಿದ್ದಿರಿ, ಎರಡನ್ನೂ ಹೆಬ್ಬೆರಳಿನಷ್ಟು ಗೊಂಬೆಯ ಮೇಲೆ ಹಾಗೆ ಹಾಗೇ ಬರೆದಿದ್ದಿರಿ. ಅತ್ತೆಯನ್ನು ಬುರುಡೆ ಮಾಡಿದರು ಅಂತ ಉರಿದುಕೊಂಡೆನಲ್ಲ — ನೀವು ಅವರನ್ನು, ಬಿದ್ದರೂ ಮತ್ತೆ ಏಳುವ ಸೈನ್ಯಕ್ಕೆ ರಾಣಿ ಮಾಡಿದ್ದಿರಿ. ನನ್ನ ಹೊಲಿಗೆಯ ಸಮೇತ. ಈ ಮನುಷ್ಯನಿಗೆ ಮರೆವು ಅಂದೆ ನಾನು.

ನಿನ್ನೆ ರಹಮತ್ ಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 

"ನಾನೂ ಎಣಿಸ್ತಾ ಇದ್ದೆ ಬೇಟಿ," ಅಂದರು. "ಎಲ್ಲಾದ್ರೂ ಹತ್ತಿಯೊಳಗೆ ಸಿಕ್ಕಂಡಿರ್ತಾಳೆ ಅಂತ. ಪ್ರತಿ ಸಲಾನೂ ಇಪ್ಪತ್ತೆರಡು. ನನಗೆ ಹೇಳಿದ್ದು ಆಯ್ತು, ಬಿಡು. ಅವರಿಗೆ ಹೇಳು. ಗುರುವಾರ ನಾನು ಪೆಟ್ಟಿಗೆ ತಗೊಂಡು ಹತ್ತು ಗಂಟೆ ಬಸ್ಸಿಗೆ ಬರ್ತೀನಿ. ಅಷ್ಟರೊಳಗೆ ಹೇಳಿರ್ಬೇಕು."

ನಾಳೆ ಗುರುವಾರ.

ಕಾನ್ವೆಂಟಿನಲ್ಲಿ ನನ್ನ ಕ್ರಿಶ್ಚಿಯನ್ ಗೆಳತಿಯರು ಚರ್ಚಿನಲ್ಲಿ ಜಾಲರಿಯ ಈಚೆ ಮಂಡಿಯೂರಿ ಆಚೆಯ ಪಾದ್ರಿಗೆ ತಪ್ಪು ಹೇಳಿಕೊಂಡು, ಹಗುರಾಗಿ ಕುಣಿಯುತ್ತಾ ಬರುತ್ತಿದ್ದರು. ನನಗೆ ಅವರನ್ನು ಕಂಡರೆ ಅಸೂಯೆ. ಮುಖ ಕಾಣದ ಹಾಗೆ ಹೇಳಿಬಿಡಬಹುದಲ್ಲ. ಈ ಕಾಗದವನ್ನೂ ಹಾಗೇ ನಿಮ್ಮ ಕನ್ನಡಕದ ಕೆಳಗಿಟ್ಟು ತೋಟದ ಕಡೆ ಹೋಗಿಬಿಡೋಣ ಅಂತಲೇ ಬರೆಯಲು ಶುರುಮಾಡಿದ್ದೆ. ಆದರೆ ಆ ಮಾತನ್ನು ಅವತ್ತು ಹೇಳಿದ್ದು ಮುಖ ತಿರುಗಿಸಿಕೊಂಡು. ಹಿಂತೆಗೆದುಕೊಳ್ಳುವುದನ್ನೂ ಹಾಗೆ ಮಾಡಲಾರೆ. ಬೆಳಿಗ್ಗೆ ಕಾಫಿ ಕೊಟ್ಟು, ನಿಮ್ಮೆದುರು ಕೂತು, ನಾನೇ ಓದುತ್ತೇನೆ. ನಿಮ್ಮ ಮಗನೂ ಅಲ್ಲೇ ಇರಲಿ, ಕೇಳಲಿ.

ಆಮೇಲೆ ನೀವು ಮಾತಾಡದಿದ್ದರೆ ಮಾತಾಡಬೇಡಿ. ನನ್ನ ಕೈಯಡುಗೆ ಬೇಡ ಅನ್ನಿಸಿದರೆ ಅದೂ ಸರಿ. ಮೂರು ವರ್ಷದ ಗುರುವಾರಗಳನ್ನು ನಾನು ತಂದುಕೊಡಲಾರೆ. ಕ್ಷಮಿಸಿ ಅಂತ ಕೇಳುವುದಕ್ಕೂ ನನಗೆ ಬಾಯಿಲ್ಲ. ಅಂಗಿ ಜೇಬಿನ ಹೊಲಿಗೆಯನ್ನು ಬಿಚ್ಚಿದ್ದೇನೆ, ಅಷ್ಟೇ. ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದಿವೆ. ನೀವು ನೋಡದೆ ಇರುವುದಿಲ್ಲ.

ಬಸ್ಸು ಬಂದ ಮೇಲೆ ರಾಣಿಯನ್ನು ನಿಮ್ಮ ಮೇಜಿನ ಮೇಲೆ ನಿಲ್ಲಿಸುತ್ತೇನೆ. ಒಂದು ಸಲ ಎಣಿಸಿ, ಮಾವ. ಗಟ್ಟಿಯಾಗಿ, ಅಡುಗೆಮನೆಗೆ ಕೇಳಿಸುವ ಹಾಗೆ. ಇಪ್ಪತ್ತಮೂರೇ ಬರುತ್ತದೆ. ಅವತ್ತೂ ನಿಮ್ಮ ಎಣಿಕೆ ತಪ್ಪಿರಲಿಲ್ಲ.